ಮೀಸೆ ಬೋಳಿಸಿಕೊಂಡ ಗೆಳೆಯನಿಗೊಂದು ಪತ್ರ

ಲೋ ಗೆಳೆಯಾ,

ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಎತ್ತುತ್ತೀಯ. ಎತ್ತಿ, "ಹರಾಜು ನಡೀತಿದೆ ಕಣೋ, ಆಮೇಲೆ ಮಾಡ್ತೀನಿ" ಅಂತೀಯ. ಆ ಆಮೇಲೆ ಇವತ್ತಿನವರೆಗೂ ಬಂದಿಲ್ಲ. ಅದಕ್ಕೇ ಈ ಕಾಗದ. ಊರಿಗೆಲ್ಲ ಕಾಣುವ ಹಾಗೆ ಯಾಕೆ ಹಾಕಿದೆ ಅಂತ ಬೈಯಬೇಡ. ನಾಲ್ಕು ಜನ ನೋಡುತ್ತಿದ್ದರೆ ನಾನು ಸ್ವಲ್ಪ ಮರ್ಯಾದೆಯಿಂದ ನಡೆದುಕೊಳ್ಳುತ್ತೇನೆ. ಹಳದಿ ಬಕೆಟ್ ಪ್ರಕರಣದಲ್ಲಿ ನೀನೇ ನೋಡಿದ್ದೀಯಲ್ಲ.

ಇನ್ನೊಂದು ಕಾರಣವೂ ಇದೆ. ನಮ್ಮ ಕಾರ್ಟೂನ್ ನೋಡುವವರು ಬಹಳ ದಿನದಿಂದ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: "ಮೀಸೆ ಎಲ್ಲಿ?" ನಿನ್ನ ಹೆಸರು ಅವರಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ನೀನು ತಿಪಟೂರಿನಲ್ಲಿ ಅಪ್ಪನ ಕೊಬ್ಬರಿ ಮಂಡಿಯಲ್ಲಿ ಕೂತು ಲೆಕ್ಕ ಬರೆಯುತ್ತಿದ್ದೀಯ ಅಂದರೆ ನಂಬುವುದೂ ಇಲ್ಲ. ಅವರ ಪಾಲಿಗೆ ನೀನು ಒಂದು ದಪ್ಪ ಮೀಸೆ ಮತ್ತು ಅದರ ಕೆಳಗಿನಿಂದ ಬರುವ ಸೋಮಾರಿ ದನಿ, ಅಷ್ಟೇ. ಮಾನ್ಯ ಪ್ರೇಕ್ಷಕರೇ, ಮೀಸೆ ಕ್ಷೇಮ. ಕಾಗದ ಅವನಿಗೆ. ನೀವು ಕದ್ದು ಓದುತ್ತಿದ್ದೀರಿ, ಪರವಾಗಿಲ್ಲ, ಓದಿ.

ಮೊದಲು ಜಗಳ ಮುಗಿಸಿಬಿಡೋಣ. ನಿಮ್ಮಕ್ಕನ ಮಗುವಿನ ನಾಮಕರಣದ ಫೋಟೋ ನೋಡಿದೆ. ಮಗು ಮುದ್ದಾಗಿದೆ. ಹಿಂದೆ ತಾಂಬೂಲದ ತಟ್ಟೆ ಹಿಡಿದು ನಿಂತಿರುವ ನುಣ್ಣನೆ ಮುಖದ ಮನುಷ್ಯ ಯಾರಪ್ಪಾ, ಬೀಗರ ಕಡೆಯವರಾ ಅಂತ ದೊಡ್ಡದು ಮಾಡಿ ನೋಡಿದರೆ, ನೀನು! ಯಾರನ್ನ ಕೇಳಿ ಬೋಳಿಸಿದೆ? ಅದೇನು ನಿನ್ನ ಪಿತ್ರಾರ್ಜಿತ ಆಸ್ತಿ ಅಂದುಕೊಂಡಿದ್ದೀಯಾ? ಆ ಮೀಸೆಯಲ್ಲಿ ನನಗೆ ಎಂಟಾಣೆ ಪಾಲಿದೆ.

ಕದ್ದು ಓದುತ್ತಿರುವವರಿಗೆ ಈ ಪಾಲಿನ ಲೆಕ್ಕ ಹೇಳಲೇಬೇಕು. ಕಾರ್ಟೂನಿನಲ್ಲಿ ಪಾತ್ರಗಳನ್ನು ಮಾತಾಡಿಸುವುದು ದೊಡ್ಡ ತಲೆನೋವು. ಸೆಕೆಂಡಿಗೆ 24 ಫ್ರೇಮ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೆ 12 ಚಿತ್ರದಲ್ಲಿ ಮುಗಿಯುತ್ತದೆ. ದೊಡ್ಡ ದೊಡ್ಡ ಸ್ಟುಡಿಯೋಗಳೂ ಹೀಗೆ ಮಾಡುತ್ತವೆ, ನಾವು ಮಾತ್ರ ಅದಕ್ಕೆ ನಾಚಿಕೊಳ್ಳುತ್ತೇವೆ. ಆದರೂ ಒಂದು ನಿಮಿಷಕ್ಕೆ 720 ಚಿತ್ರ. ಅದರ ಮೇಲೆ ತುಟಿ. ಮ, ಪ, ಬ ಬಂದರೆ ತುಟಿ ಮುಚ್ಚಬೇಕು. ಒ, ಉ ಬಂದರೆ ಗುಂಡಗಾಗಬೇಕು. ಯಾವ ಅಕ್ಷರಕ್ಕೆ ಯಾವ ಬಾಯಿ ಅಂತ ತೋರಿಸುವ ಚಾರ್ಟ್‌ಗಳು ನೆಟ್‌ನಲ್ಲಿ ಬೇಕಾದಷ್ಟಿವೆ, ಆದರೆ ಅವೆಲ್ಲ ಇಂಗ್ಲಿಷ್ ಮಾತಿಗೆ ಮಾಡಿದವು. ನಮ್ಮದು ಹೋದ, ಬಂದ, ತಿಂದ, ಮಲಗಿದ. ಎಲ್ಲದರ ಕೊನೆಗೂ ಸ್ವರ. ಬಾಯಿ ತೆರೆದೇ ಇರುತ್ತದೆ. ಚಾರ್ಟ್ ನಂಬಿ ಮಾಡಿದರೆ ಮಾತು ಮುಗಿದ ಮೇಲೂ ಪಾತ್ರಗಳು ನೊಣ ಬರಲಿ ಅಂತ ಬಾಯಿ ಬಿಟ್ಟುಕೊಂಡು ನಿಂತಿರುತ್ತವೆ. ಹಾಗಾಗಿ ಪ್ರತಿ ಮಾತಿನ ಬಾಲಕ್ಕೂ ಬಾಯಿ ಮುಚ್ಚಿಸುವ ಒಂದೆರಡು ಚಿತ್ರ ಜಾಸ್ತಿ ಬರೆಯಬೇಕು. ನನ್ನ ಪಾತ್ರಕ್ಕೆ ಅದನ್ನೆಲ್ಲ ಬರೆಯುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು. ನಿನ್ನ ಪಾತ್ರದ ಸರದಿ ಬಂದಾಗ ರಾತ್ರಿ ಎರಡು ಗಂಟೆ. ಮೂಗಿನ ಕೆಳಗೆ ಒಂದು ದಪ್ಪ ಮೀಸೆ ಎಳೆದೆ. ತುಟಿ ಮಾಯ. ಮೀಸೆಯನ್ನು ಎರಡು ಪಿಕ್ಸೆಲ್ ಮೇಲೆ, ಎರಡು ಪಿಕ್ಸೆಲ್ ಕೆಳಗೆ ಅಲ್ಲಾಡಿಸಿದೆ. ನೀನು ಮಾತಾಡಿಬಿಟ್ಟೆ!

ಆಗ ನಿನಗೆ ಮೀಸೆಯೇ ಇರಲಿಲ್ಲ. ಜ್ಞಾಪಕ ಇದೆಯಾ? ಕಾರ್ಟೂನ್ ನೋಡಿ ನಿನ್ನ ಅತ್ತೆ ಮಗಳು "ಚೆನ್ನಾಗಿ ಕಾಣುತ್ತೆ ಕಣೋ" ಅಂದಳು. ಆಮೇಲೆ ನೀನು ಬಿಟ್ಟಿದ್ದು. ಅಂದರೆ ಕಾಲಕ್ರಮದ ಪ್ರಕಾರ ಮೀಸೆ ಮೊದಲು ಹುಟ್ಟಿದ್ದು ನನ್ನ ಲ್ಯಾಪ್‌ಟಾಪಿನಲ್ಲಿ. ನಾನು ಪಾಲು ಕೇಳುವುದರಲ್ಲಿ ತಪ್ಪೇನಿದೆ?

ಸರಿ. ಜಗಳ ಮುಗಿಯಿತು.

ಎಡ್ ಗೂಲ್ಡ್ ನೆನಪಿದ್ದಾನಾ? ಹಸಿರು ಹೂಡಿ, ಕೈಯಲ್ಲಿ ಕೋಲಾ. ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ಅರ್ಧ ಗಂಟೆ ಲೋಡಿಂಗ್ ಪಟ್ಟಿ ತುಂಬುವುದನ್ನು ನೋಡಿ, ಉಳಿದರ್ಧದಲ್ಲಿ ನಗುತ್ತಿದ್ದೆವಲ್ಲ, ಆ ಎಡ್ಸ್‌ವರ್ಲ್ಡ್ ಕಾರ್ಟೂನು ಮಾಡಿದವನು. ಆ ಇಂಗ್ಲಿಷ್ ನಮಗೆ ಪೂರ್ತಿ ಹತ್ತುತ್ತಿರಲಿಲ್ಲ. ನೀನು ಅರ್ಥವಾದವನ ಹಾಗೆ ನಗುತ್ತಿದ್ದೆ. ನಾನು ನಿನ್ನ ನೋಡಿ ನಗುತ್ತಿದ್ದೆ.

ಹೋದ ತಿಂಗಳು ಸುಮ್ನೆ ಅವನ ಹಳೆಯ ಕಾರ್ಟೂನುಗಳನ್ನು ಮೊದಲಿನಿಂದ ನೋಡುತ್ತಾ ಕೂತೆ. ಹುಟ್ಟಿದ್ದು 1988ರ ಅಕ್ಟೋಬರ್ 28, ಲಂಡನ್ನಿನಲ್ಲಿ. ನಮಗಿಂತ ಅಷ್ಟೇನೂ ದೊಡ್ಡವನಲ್ಲ. ಶಾಲೆಯಲ್ಲಿರುವಾಗಲೇ ಫ್ಲ್ಯಾಶ್ ಅನ್ನುವ ಕಾರ್ಟೂನ್ ಮಾಡುವ ಸಾಫ್ಟ್‌ವೇರ್ ಹಿಡಿದ. ಕಥೆಗೆ ಎಲ್ಲಿ ಹೋಗುವುದು? ತನ್ನನ್ನೇ ಬರೆದುಕೊಂಡ, ಪಕ್ಕದಲ್ಲಿ ಗೆಳೆಯರನ್ನು ನಿಲ್ಲಿಸಿದ. ಟಾಮ್ ರಿಡ್ಜ್‌ವೆಲ್‌ಗೆ ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಂಡಿ. ಮ್ಯಾಟ್ ಹಾರ್ಗ್ರೀವ್ಸ್‌ಗೆ ಇಷ್ಟು ದೊಡ್ಡ ಗದ್ದ, ಸಾಲದ್ದಕ್ಕೆ ತನ್ನ ಅಂದದ ಮೇಲೆ ತನಗೇ ಮೋಹ. ನಾರ್ವೆಯ ಇನ್ನೊಬ್ಬ ಗೆಳೆಯನಿಗೆ ಕೆಂಪು ಹೂಡಿ. ಅವರವರ ಪಾತ್ರಕ್ಕೆ ಅವರವರದೇ ದನಿ. ಮೊದಮೊದಲ ಕಾರ್ಟೂನುಗಳಲ್ಲಿ ಕೈಕಾಲು ನೆಟ್ಟಗಿಲ್ಲ, ಮೈಕ್ ಕರಕರ ಅನ್ನುತ್ತದೆ. ಆದರೆ ಒಬ್ಬರನ್ನೊಬ್ಬರು ಕಾಲೆಳೆಯುವುದು ಎಷ್ಟು ನಿಜವಾಗಿ ಕೇಳುತ್ತದೆ ಗೊತ್ತಾ? ಯಾರೋ ಬರೆದುಕೊಟ್ಟ ಮಾತು ಅನ್ನಿಸುವುದೇ ಇಲ್ಲ. ವರ್ಷ ಹೋದ ಹಾಗೆ ಗೆರೆ ಗಟ್ಟಿಯಾಗುತ್ತದೆ, ಬಣ್ಣ ಚೆನ್ನಾಗುತ್ತದೆ, ಹಿನ್ನೆಲೆಗೆ ನೆರಳು ಬರುತ್ತದೆ. ಆ ಕಾಲೆಳೆತ ಹಾಗೇ ಇದೆ.

ಆಗ ಇಂಥದ್ದಕ್ಕೆಲ್ಲ ದೊಡ್ಡ ಸಂತೆ ಅಂದರೆ ನ್ಯೂಗ್ರೌಂಡ್ಸ್. ಟಾಮ್ ಫಲ್ಪ್ ಅನ್ನುವವನು ಅಮೆರಿಕದಲ್ಲಿ 1995ರಲ್ಲಿ ಶುರು ಮಾಡಿದ್ದು. ಅಲ್ಲಿನ ಒಂದು ನಿಯಮ ನಿನಗೆ ಬಹಳ ಇಷ್ಟವಾಗಿತ್ತು. ಯಾರು ಬೇಕಾದರೂ ಕಾರ್ಟೂನ್ ಹಾಕಬಹುದು, ಆದರೆ ಬಂದವರು ಅಂಕ ಕೊಡುತ್ತಾರೆ. ಅಂಕ ತೀರಾ ಕಡಿಮೆಯಾದರೆ ಕಾರ್ಟೂನನ್ನೇ ಕಿತ್ತು ಬಿಸಾಕುತ್ತಾರೆ. "ಹಿಂಗಿರಬೇಕು ಕಣೋ, ಪಾಸು ಇಲ್ಲ ಫೇಲು" ಅಂತಿದ್ದೆ ನೀನು. ಗಣಿತದಲ್ಲಿ ಎರಡು ಸಲ ಕೂತವನ ಬಾಯಲ್ಲಿ ಆ ಮಾತು.

ಈಗ ಎಲ್ಲರೂ ಇದನ್ನ ಇಂಡಿಪೆಂಡೆಂಟ್ ಅನಿಮೇಟರ್ ಅಂತ ಭಾರೀ ಹೆಸರಿಟ್ಟು ಕರೆಯುತ್ತಾರೆ. ಹೆಸರು ಕೇಳಿದರೆ ಒಬ್ಬನೇ ಕೋಣೆಯಲ್ಲಿ ಕೂತು, ಗಡ್ಡ ಬಿಟ್ಟು, ಲೋಕಕ್ಕೆ ಬೆನ್ನು ಹಾಕಿ ಚಿತ್ರ ಬರೆಯುವವನು ಕಣ್ಣಿಗೆ ಬರುತ್ತಾನೆ. ನಾನೂ ಹಾಗೇ ಅಂದುಕೊಂಡಿದ್ದೆ. ಗಡ್ಡ ಬಿಟ್ಟಿದ್ದೂ ಅದಕ್ಕೇ. ಆದರೆ ಒಬ್ಬೊಬ್ಬರನ್ನಾಗಿ ನೋಡುತ್ತಾ ಹೋದರೆ ಯಾರೂ ಒಬ್ಬರೇ ಇರಲಿಲ್ಲ. ಎಡ್ ಜೊತೆ ಟಾಮ್, ಮ್ಯಾಟ್. ಹೋಮ್‌ಸ್ಟಾರ್ ರನ್ನರ್ ಅನ್ನುವ ನೆಟ್ ಕಾರ್ಟೂನು ಮಾಡಿದ್ದು ಅಟ್ಲಾಂಟಾದ ಚಾಪ್ಮನ್ ಅಣ್ಣತಮ್ಮಂದಿರು, ಮೈಕ್ ಮತ್ತು ಮ್ಯಾಟ್. 2000ದಲ್ಲಿ ಸ್ವಂತ ವೆಬ್‌ಸೈಟ್ ತೆರೆದು, ಜಾಹೀರಾತು ಹಾಕದೆ, ಬರೀ ಟಿ-ಶರ್ಟ್ ಮತ್ತು ಡಿವಿಡಿ ಮಾರಿ ವರ್ಷಗಟ್ಟಲೆ ಹೊಟ್ಟೆ ಹೊರೆದರು. ಆ ಮ್ಯಾಟ್ ಒಬ್ಬನೇ ಹತ್ತಾರು ಪಾತ್ರಕ್ಕೆ ದನಿ ಕೊಡುತ್ತಾನೆ, ಆದರೆ ಪಕ್ಕದಲ್ಲಿ ಅಣ್ಣ ಕೂತಿರುತ್ತಾನೆ. ಈಚೆಗೆ ಬಂದರೆ ಜಾಕ್ ಹೇಡಲ್ ಮತ್ತು ಮೈಕಲ್ ಕ್ಯೂಸಾಕ್. ಒಬ್ಬ ಅಮೆರಿಕ, ಇನ್ನೊಬ್ಬ ಆಸ್ಟ್ರೇಲಿಯಾ. ಇಬ್ಬರೂ ನೆಟ್‌ನಲ್ಲಿ ಕಾರ್ಟೂನ್ ಹಾಕುತ್ತಲೇ ಬೆಳೆದವರು. ಸೇರಿ ಸ್ಮೈಲಿಂಗ್ ಫ್ರೆಂಡ್ಸ್ ಅನ್ನುವ ಕಾರ್ಟೂನು ಮಾಡಿದರು. 2020ರ ಏಪ್ರಿಲ್ 1ಕ್ಕೆ ಅದರ ಮೊದಲ ಕಂತು ಅಮೆರಿಕದ ಟಿವಿಯಲ್ಲಿ, ಅಡಲ್ಟ್ ಸ್ವಿಮ್‌ನಲ್ಲಿ ಬಂತು.

ಸೈಮನ್ ಟೋಫೀಲ್ಡ್ ಒಬ್ಬನೇ ಮಾಡಿದನಲ್ಲ, 2008ರಲ್ಲಿ ಆ ಬೆಕ್ಕಿನ ಕಾರ್ಟೂನು, ಬೆಕ್ಕಿನ ದನಿಯೂ ಅವನದೇ ಅಂತ ನೀನು ವಾದ ಮಾಡಬಹುದು. ನಿಜ. ಆದರೆ ಅವನ ಮನೆಯಲ್ಲಿ ಬೆಕ್ಕುಗಳಿದ್ದವು. ನಾವು ಏನು ಮಾಡಿ ತೋರಿಸಿದರೂ ನಗದೆ, ಮುಖ ತಿರುಗಿಸಿಕೊಂಡು ಹೋಗುವ ಪ್ರಾಣಿ ಅದೊಂದೇ. ನೀನಿದ್ದೆಯಲ್ಲ, ಹಾಗೆ.

ಇದನ್ನು ಬೈಗುಳ ಅಂದುಕೊಳ್ಳಬೇಡ. ಈ ಕಾಗದ ಬರೆಯಬೇಕು ಅನ್ನಿಸಿದ್ದೇ ಇದಕ್ಕೆ. ಅಲ್ಲಿಗೆ ಬರುತ್ತೇನೆ, ತಾಳು. ಮೊದಲು ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ನಿಮ್ಮಮ್ಮ ಓದಿದರೆ ಮೊದಲು ಕೇಳುವುದು ಅದನ್ನೇ.

ದುಡ್ಡಿಲ್ಲ ಅಮ್ಮಾ. 2012ರಲ್ಲಿ ಯೂಟ್ಯೂಬ್ ತನ್ನ ಲೆಕ್ಕ ಬದಲಾಯಿಸಿತು. ಅದುವರೆಗೆ ಎಷ್ಟು ಜನ ಒತ್ತಿದರು ಅನ್ನುವುದಕ್ಕೆ ಬೆಲೆ, ಆಮೇಲೆ ಎಷ್ಟು ಹೊತ್ತು ನೋಡಿದರು ಅನ್ನುವುದಕ್ಕೆ. ಕೂತು ಹರಟೆ ಹೊಡೆಯುವವರಿಗೆ ಹಬ್ಬ. ಎರಡು ನಿಮಿಷಕ್ಕೆ ಎರಡು ತಿಂಗಳು ತಿಣುಕುವವರಿಗೆ ಹೊಟ್ಟೆಗೆ ಹೊಡೆತ. ಎಗೋರ‍್ಯಾಪ್ಟರ್ ಅಂತ ನೆಟ್ ಕಾರ್ಟೂನಿನಲ್ಲಿ ಹೆಸರು ಮಾಡಿದ್ದ ಏರಿನ್ ಹ್ಯಾನ್ಸನ್ ಅದೇ ವರ್ಷ ಗೆಳೆಯನ ಜೊತೆ ವಿಡಿಯೋ ಗೇಮ್ ಆಡುತ್ತಾ ಮಾತಾಡುವ ಚಾನೆಲ್ ಶುರು ಮಾಡಿದ. ಕಾರ್ಟೂನ್ ಕಡಿಮೆಯಾಯಿತು. ಅವನನ್ನು ಯಾವ ಬಾಯಲ್ಲಿ ಬೈಯಲಿ? 2018ರಲ್ಲಿ ಇನ್ನೊಂದು ಬಂತು. ಜಾಹೀರಾತಿನ ದುಡ್ಡು ಬೇಕಾದರೆ 1,000 ಚಂದಾದಾರರು, ವರ್ಷಕ್ಕೆ 4,000 ಗಂಟೆ ನೋಟ. ಮಂಡಿ ಲೆಕ್ಕದವನು ನೀನು, ಹಾಕಿ ನೋಡು. ಒಂದು ನಿಮಿಷದ ಕಾರ್ಟೂನನ್ನು 2,40,000 ಸಲ ಯಾರಾದರೂ ಕೊನೆವರೆಗೂ ನೋಡಬೇಕು. ಅದನ್ನು ದಾಟಿದ ಮೇಲೂ ಬಂದ ದುಡ್ಡಿನಲ್ಲಿ ಮಾಡಿದವನ ಪಾಲು ನೂರಕ್ಕೆ 55. ಆ ನೂರೇ ನೂರಾಗಿ ಬರಬೇಕಲ್ಲ, ಕನ್ನಡಕ್ಕೆ. ಹಾಗಾಗಿ ಹಗಲು ಹೊತ್ತು ನಾನು ವಿಮೆ ಕಂಪನಿಯೊಂದಕ್ಕೆ "ರಮೇಶನಿಗೆ ಅಪಘಾತವಾಯಿತು" ಅನ್ನುವ ಜಾತಿಯ ವಿಡಿಯೋ ಬರೆದುಕೊಡುತ್ತೇನೆ. ರಮೇಶನಿಗೂ ಮೀಸೆ ಇಟ್ಟಿದ್ದೇನೆ, ಕೂಲಿ ಉಳಿಯುತ್ತದೆ.

ಎಡ್ ವಿಷಯ ಅರ್ಧಕ್ಕೆ ಬಿಟ್ಟೆ. ಅದೇ 2012ರ ಮಾರ್ಚ್ 25ರಂದು ಅವನು ಹೋದ. ರಕ್ತದ ಕ್ಯಾನ್ಸರ್. 23 ವರ್ಷ. ಕಾಯಿಲೆಯ ನಡುವೆಯೂ ಕಾರ್ಟೂನ್ ಮಾಡುತ್ತಲೇ ಇದ್ದ. ಒಂದು ಕಥೆಯ ಎರಡನೇ ಭಾಗ ಅರ್ಧಕ್ಕೆ ನಿಂತಿತ್ತು, ಅದನ್ನು ಗೆಳೆಯರು ಮುಗಿಸಿ ಹಾಕಿದರು. ಆಮೇಲೆ ಟಾಮ್ ಜನರ ಹತ್ತಿರ ಚಂದಾ ಎತ್ತಿ ಮುಂದಿನ ಕಂತುಗಳನ್ನು ಮಾಡಿಸಿದ. ಹಸಿರು ಹೂಡಿಯ ಹುಡುಗ ಮತ್ತೆ ನಡೆದಾಡಿದ, ಕೋಲಾ ಕುಡಿದ, ದನಿ ಮಾತ್ರ ಬೇರೆಯವರದು. 2016ರಲ್ಲಿ ಎರಡು ಭಾಗದ ದೊಡ್ಡ ಕಥೆ ಮಾಡಿ ಟಾಮ್ ಕೂಡ ಹೊರಗೆ ಬಂದ. ನಾರ್ವೆಯ ಗೆಳೆಯ ಅದಕ್ಕೆ ಎಷ್ಟೋ ಮೊದಲೇ, 2008ರಲ್ಲೇ, ಬಿಟ್ಟು ಹೋಗಿದ್ದ. ಅವನ ಪಾತ್ರವನ್ನು ಕೊನೆಯ ಕಥೆಯಲ್ಲಿ ಖಳನಾಗಿ ವಾಪಸ್ ತಂದರು. ಬಿಟ್ಟು ಹೋದವರಿಗೆ ಆಗುವ ಗತಿ ಅದು, ನೋಡಿಕೋ.

ಆ ಹೊಸ ದನಿ ಬಂದ ಕಂತುಗಳನ್ನು ನೋಡುವಾಗಲೇ ನನಗೆ ನಮ್ಮ ಹಳೇ ಹಾರ್ಡ್‌ಡಿಸ್ಕ್ ನೆನಪಾಗಿದ್ದು.

ತೆಗೆದೆ. ಅಲ್ಲಿರುವುದೆಲ್ಲ ಫ್ಲ್ಯಾಶ್ ಕಾಲದ್ದು. ಫ್ಲ್ಯಾಶ್ ಓಡಿಸುವ ಪ್ಲೇಯರ್ 2020ರ ಡಿಸೆಂಬರ್ 31ಕ್ಕೆ ಮುಗಿಯಿತಲ್ಲ, ಈಗ ಬ್ರೌಸರ್‌ಗಳು ಅದನ್ನು ಮುಟ್ಟುವುದಿಲ್ಲ. ಪುಣ್ಯಾತ್ಮರು ಯಾರೋ ರಫಲ್ ಅಂತ ಒಂದು ಸಾಫ್ಟ್‌ವೇರ್ ಮಾಡಿದ್ದಾರೆ, ಅದರಲ್ಲಿ ಸಿದ್ಧವಾದ ಕಾರ್ಟೂನುಗಳು ಓಡಿದವು. ನಾವು ಕೆಲಸ ಮಾಡಿದ ಮೂಲ ಫೈಲ್ ತೆರೆದರೆ ಮಾತ್ರ ನಗು. ಆಗ ನುಡಿಯಲ್ಲಿ ಟೈಪ್ ಮಾಡುತ್ತಿದ್ದೆವಲ್ಲ, ಈಗ ಆ ಫಾಂಟ್ ನನ್ನ ಕಂಪ್ಯೂಟರಿನಲ್ಲಿಲ್ಲ. ನಮ್ಮ ಹೆಸರಿನ ಫಲಕದಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಪ್ರಶ್ನಾರ್ಥಕ, ಚುಕ್ಕಿ ಎಲ್ಲ ಸೇರಿ ಕಲಸುಮೇಲೋಗರ. ಅದರ ಕೆಳಗೆ ನಿನ್ನ ಮೀಸೆ ಮಾತ್ರ ಒಂದು ಕೂದಲೂ ಕೊಂಕದ ಹಾಗೆ ಇತ್ತು.

ಪಕ್ಕದ ಫೋಲ್ಡರಿನಲ್ಲಿ ನಿನ್ನ ದನಿ. ರಜಾಯಿ ಹೊದ್ದುಕೊಂಡು ಅದರೊಳಗೆ ಮೈಕ್ ಹಿಡಿದು ಮಾಡಿದ ರೆಕಾರ್ಡಿಂಗ್‌ಗಳು. ಹಿಂದೆ ಕುಕ್ಕರ್ ಸೀಟಿ, ಹಳೇ ಪೇಪರ್‌ನವನ ಕೂಗು. ಈಚಿನ ಕಂತುಗಳಲ್ಲಿ ನೀನು ಮಾತಾಡಿದ್ದೆಲ್ಲ ಅಲ್ಲಿಂದ ಕತ್ತರಿಸಿ ಅಂಟಿಸಿದ್ದು. ಜನಕ್ಕೆ ಗೊತ್ತಾಗಿಲ್ಲ. ಒಂದು "ಅಯ್ಯೋ ಬಿಡು"ವನ್ನು ಐದಾರು ಕಂತಿಗೆ ಎಳೆದಿದ್ದೇನೆ. ಆದರೆ ಇರುವ ಮಾತುಗಳೆಲ್ಲ ಖರ್ಚಾದವು. ಮೀಸೆ ಹೋಗಿದ್ದು ಎಲ್ಲಿಗೂ ಅಲ್ಲ ಸ್ವಾಮಿ, ಸ್ಟಾಕ್ ಮುಗಿದಿತ್ತು.

ಈಗ ದನಿ ನಕಲು ಮಾಡುವ ಸಾಫ್ಟ್‌ವೇರ್ ಬಂದಿದೆ, ನಿನಗೂ ಗೊತ್ತು. ಸ್ವಲ್ಪ ದನಿ ಕೇಳಿಸಿದರೆ ಸಾಕು, ನಾವು ಬರೆದದ್ದನ್ನು ಆ ದನಿಯಲ್ಲಿ ಓದುತ್ತದೆ. ಒಂದು ರಾತ್ರಿ ನಿನ್ನ ದನಿ ಹಾಕಿದೆ. ನೀನು ಯಾವತ್ತೂ ಆಡದ ಮಾತೊಂದನ್ನು ಬರೆದೆ. ಒತ್ತಿದೆ. ನೀನೇ. ಆ "ಏನಪ್ಪಾ" ಅನ್ನುವಾಗ ಕೊನೆಗೆ ಎಳೆಯುತ್ತೀಯಲ್ಲ, ಅದೂ ಸೇರಿ. ಬಿದ್ದು ಬಿದ್ದು ನಕ್ಕೆ. ಆಮೇಲೆ ಇನ್ನೊಂದು ಬರೆದೆ. ಅದೂ ಹೇಳಿತು. ಸ್ವಲ್ಪ ಸಪ್ಪೆ ಜೋಕು ಬರೆದೆ. ಹೇಳಿತು. ಬೇಕೆಂದೇ ಒಂದು ಕೊಳಕು ಜೋಕು ಬರೆದೆ, ನೀನಾಗಿದ್ದರೆ ಹೆಡ್‌ಫೋನ್ ಕಿತ್ತಿಟ್ಟು ಟೀ ಕುಡಿಯಲು ಹೋಗುವಂಥದ್ದು. ಅದನ್ನೂ ಅದೇ ಉತ್ಸಾಹದಲ್ಲಿ ಹೇಳಿತು. ನಿನ್ನ ದನಿ, ನನ್ನ ಎಲ್ಲ ಜೋಕಿಗೂ ಸೈ ಅನ್ನುತ್ತಾ ಕೂತಿದೆ. ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯಿತು.

ಮತ್ತೆ ಮೂಲ ರೆಕಾರ್ಡಿಂಗ್ ಹಾಕಿದೆ. ಕತ್ತರಿಸದ್ದು. ಮೊದಲ ಸಲ ಪೂರ್ತಿ ಕೇಳಿದೆ ಅನ್ನಿಸುತ್ತದೆ, ಯಾಕೆಂದರೆ ನಾನು ಯಾವಾಗಲೂ ನನಗೆ ಬೇಕಾದ ಮಾತಷ್ಟೇ ಕತ್ತರಿಸಿಕೊಂಡು ಓಡುತ್ತಿದ್ದೆ. ಮಾತು ಮಾತಿನ ನಡುವೆ ಏನಿದೆ ಗೊತ್ತಾ? "ಊಹೂಂ." ಬರೀ ಊಹೂಂ. ನಾನು ಒಂದು ಸಾಲು ಓದಿ ತೋರಿಸುತ್ತೇನೆ. ಊಹೂಂ. ಬದಲಾಯಿಸಿ ಓದುತ್ತೇನೆ. "ಊಹೂಂ, ಇದು ಟಿವಿಯಲ್ಲಿ ಬರೋ ಥರ ಇದೆ." ನಾನು ರೇಗುತ್ತೇನೆ. "ರೇಗು, ಆದ್ರೂ ಊಹೂಂ." ಕೊನೆಗೆ ಎಲ್ಲೋ ಒಂದು ಕಡೆ ನೀನು ಏನೂ ಹೇಳುವುದಿಲ್ಲ, ಮೂಗಿನಿಂದ ಒಂದು ಸಣ್ಣ ಗಾಳಿ ಬರುತ್ತದೆ. ಅಷ್ಟೇ. ಆ ಗಾಳಿ ಬಂದ ಸಾಲುಗಳೇ ಇವತ್ತಿಗೂ ಜನ ನೆನಪಿಟ್ಟುಕೊಂಡು ಹೇಳುವುದು. ಮೂರನೇ ವಡೆಯ ಜೋಕೂ ಅದರಲ್ಲೇ ಇದೆ.

ನೀನು ಹೋದ ಮೇಲೆ ನಾನು ಮಾಡಿದ ಕಾರ್ಟೂನುಗಳಿಗೆ ಜಾಸ್ತಿ ಜನ ಬಂದಿದ್ದಾರೆ. ಅದು ನಿಜ. ನಗುವ ಮುಖದ ಚಿಹ್ನೆಗಳು ಸಾಲುಸಾಲು ಬೀಳುತ್ತವೆ. ಆದರೆ ಒಬ್ಬರ ನಗುವೂ ನನ್ನ ಕಿವಿಗೆ ಬೀಳುವುದಿಲ್ಲ ಕಣೋ. ನಾಟಕದವನಿಗೆ ಕೇಳುತ್ತದೆ, ಹರಿಕಥೆಯವರಿಗೆ ಕೇಳುತ್ತದೆ. ನಾನು ಮೂರು ಸೆಕೆಂಡಿನ ಜೋಕಿಗೆ ವಾರವೆಲ್ಲ ಚಿತ್ರ ಬರೆಯುತ್ತೇನೆ. ಎರಡನೇ ದಿನಕ್ಕೇ ಆ ಜೋಕು ನನಗೆ ಸತ್ತಿರುತ್ತದೆ. ಆಮೇಲೆ ಬರೆಯುವುದೆಲ್ಲ ನಂಬಿಕೆಯ ಮೇಲೆ. ಒಬ್ಬ ಮೂಗಿನಿಂದ ಗಾಳಿ ಬಿಟ್ಟಿದ್ದಾನೆ, ಇದು ನಗು ಬರುತ್ತದೆ ಅನ್ನುವ ನಂಬಿಕೆ. ಈಗ ಅದಿಲ್ಲ. ಚೆನ್ನಾಗಿದೆಯೋ ಇಲ್ಲವೋ ನನಗೆ ನಿಜವಾಗಿ ಗೊತ್ತಾಗುತ್ತಿಲ್ಲ. ಗೊತ್ತಿರುವವನ ಹಾಗೆ ಒಂದಾದ ಮೇಲೊಂದು ಹಾಕುತ್ತಿದ್ದೇನೆ.

ಇಷ್ಟು ಬರೆದ ಮೇಲೆ ಇನ್ನೊಂದನ್ನೂ ಬರೆದುಬಿಡುತ್ತೇನೆ. ಆಮೇಲೆ ಧೈರ್ಯ ಇರುವುದಿಲ್ಲ. ನಿಮ್ಮಪ್ಪನಿಗೆ ಲಕ್ವ ಹೊಡೆದ ರಾತ್ರಿ ಮೆಜೆಸ್ಟಿಕ್‌ವರೆಗೂ ಬಂದು ನಿನ್ನ ಬಸ್ಸು ಹತ್ತಿಸಿದೆನಲ್ಲ. ಕೈ ಹಿಡಿದುಕೊಂಡಿದ್ದೆ. "ಏನೂ ಆಗಲ್ಲ, ಧೈರ್ಯವಾಗಿ ಹೋಗು" ಅಂದೆ. ಅಪ್ಪನ ಬಗ್ಗೆ ಸಂಕಟ ಆಗಿತ್ತು, ಅದು ಸುಳ್ಳಲ್ಲ. ಆದರೆ ಕಂಡಕ್ಟರ್ ಸೀಟಿ ಊದುವಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು, ಮುಂದಿನ ಕಂತಿಗೆ ನಿನ್ನ ಮಾತು ಇನ್ನೂ ಬಾಕಿ ಇದೆಯಲ್ಲಾ ಅಂತ. ಕಿಟಕಿಯಲ್ಲಿ ನಿನ್ನ ಮುಖ ನೋಡುತ್ತಿದ್ದೆ, ಹುಬ್ಬು ಹೇಗೆ ಇಳಿದಿದೆ ಅಂತಲೂ ನೋಡುತ್ತಿದ್ದೆ. ಆ ಹುಬ್ಬನ್ನು ಆಮೇಲೆ ಬರೆದಿದ್ದೇನೆ. ಮೀಸೆ ಬಸ್ಸು ತಪ್ಪಿಸಿಕೊಳ್ಳುವ ಕಂತಿನಲ್ಲಿದೆ. ಜನ ತುಂಬಾ ನಕ್ಕರು.

ಎಡ್‌ನ ಗೆಳೆಯರು ಅವನಿಲ್ಲದೆ ಅವನನ್ನು ಬರೆಯುತ್ತಾ ಕೂತಿದ್ದಾಗ ಹೇಗಿತ್ತೋ. ಅವರಿಗೆ ಬೇರೆ ದಾರಿ ಇರಲಿಲ್ಲ. ನೀನು ಮೂರು ಗಂಟೆ ದಾರಿಯಲ್ಲಿ ಬದುಕಿದ್ದೀಯ, ದಿನಾ ಮುದ್ದೆ ಉಣ್ಣುತ್ತಿದ್ದೀಯ, ಹೊಟ್ಟೆಯೂ ಬಂದಿದೆ ಅಂತ ಫೋಟೋದಲ್ಲಿ ಕಂಡಿತು. ನಾನು ನಿನಗೆ ಫೋನ್ ಮಾಡುವ ಬದಲು ಇಲ್ಲಿ ಕೂತು ನಿನ್ನ ದನಿಯ ಕೈಯಲ್ಲಿ ಜೋಕು ಹೇಳಿಸುತ್ತಿದ್ದೇನೆ.

ಆ ಫೈಲ್ ಅಳಿಸಿಬಿಟ್ಟೆ ಅಂತ ಬರೆದರೆ ಕಾಗದಕ್ಕೆ ಒಂದು ಗತ್ತು ಬರುತ್ತದೆ. ಅಳಿಸಿಲ್ಲ. ಡೆಸ್ಕ್‌ಟಾಪಿನಲ್ಲೇ ಇದೆ. ಕಾರ್ಟೂನಿಗೆ ಹಾಕಿಲ್ಲ, ನಿನ್ನ ಕೇಳದೆ ಹಾಕುವುದೂ ಇಲ್ಲ. ಒಮ್ಮೊಮ್ಮೆ ರಾತ್ರಿ ಹೊತ್ತು "ಊಹೂಂ" ಅಂತ ಬರೆದು ಒತ್ತುತ್ತೇನೆ. ಹೇಳುತ್ತದೆ, ಆದರೆ ಬಹಳ ಸಭ್ಯವಾಗಿ ಹೇಳುತ್ತದೆ. ವಿಮೆ ಕಂಪನಿಯವರು ಹೇಳಿದ ಹಾಗೆ.

ಥೂ, ಏನಾಯಿತು ನನಗೆ? ತಮಾಷೆಯಾಗಿ ನಾಲ್ಕು ಸಾಲು ಬರೆದು ಮೀಸೆಯ ಪಾಲು ಕೇಳೋಣ ಅಂತ ಕೂತವನು ನಾನು. ಕದ್ದು ಓದುತ್ತಿರುವವರು ಕಣ್ಣು ಒರೆಸಿಕೊಳ್ಳುವುದು ಬೇಡ. ಈ ಮನುಷ್ಯ ನನಗೆ ಕೊಡಬೇಕಾದ ದೋಸೆ ದುಡ್ಡಿನ ಲೆಕ್ಕ ಬೇರೆಯೇ ಇದೆ, ಅದನ್ನು ಕೇಳಿದರೆ ನಿಮ್ಮ ಕಣ್ಣು ತಾನೇ ಒಣಗುತ್ತದೆ.

ವ್ಯವಹಾರಕ್ಕೆ ಬರುತ್ತೇನೆ. ಹೊಸ ಕಂತಿನ ಮಾತುಗಳನ್ನು ವಾಟ್ಸಾಪ್‌ಗೆ ಕಳಿಸಿದ್ದೇನೆ. ಅದರಲ್ಲಿ ಮೀಸೆ ಜಾತ್ರೆಗೆ ಹೋಗಿ ಮುಡಿ ಕೊಟ್ಟು ಬರುತ್ತಾನೆ, ಮೀಸೆ ಸಮೇತ. ಇನ್ನು ಮೇಲೆ ನಿನ್ನ ತುಟಿಯನ್ನೂ ಬರೆಯಬೇಕು, ನನ್ನ ಕರ್ಮ. ಹರಾಜು ಇಲ್ಲದ ದಿನ ನೋಡಿ ಓದು. ಒಂದೊಂದು ಸಾಲಿಗೂ ಏನನ್ನಿಸಿತು ಅಂತ ಹೇಳು, ಜೋರಾಗಿ ಹೇಳು, ನಯ ನಾಜೂಕು ಬೇಡ. ನಿಮ್ಮಪ್ಪ ಪಕ್ಕದಲ್ಲಿದ್ದರೆ ಅವರಿಗೂ ಓದಿ ತೋರಿಸು, ಅವರಿಗೆ ನಮ್ಮ ಕಾರ್ಟೂನು ಯಾವತ್ತೂ ಹಿಡಿಸಿಲ್ಲ, ಅಂಥವರು ಬೇಕು. ಯಾವುದಾದರೂ ಸಾಲು ಪಾಸಾದರೆ ರೆಕಾರ್ಡ್ ಮಾಡಿ ಕಳಿಸು. ಫ್ಯಾನ್ ಆಫ್ ಮಾಡು. ರಜಾಯಿ ಪೂರ್ತಿ ಹೊದ್ದುಕೋ, ತಲೆ ಹೊರಗಿಡಬೇಡ. ತಿಪಟೂರಿನಲ್ಲಿ ಈಗ ಸೆಕೆ ಅಂತ ನೆಪ ಹೇಳಬೇಡ, ನಾನು ಇಲ್ಲಿ ರಮೇಶನಿಗೆ ಆರನೇ ಸಲ ಅಪಘಾತ ಮಾಡಿಸುತ್ತಿದ್ದೇನೆ.

ನಿನ್ನ,
ಗಡ್ಡ